ಎಸಿಎಲ್ ಆಪರೇಷನ್ ನಂತರ ಮತ್ತೆ ಆಟಕ್ಕೆ: ಮನಸ್ಸಿನ ಅಳುಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಡ್ಮಿಂಟನ್ ಆಡುವಾಗ ಹಿಂದಕ್ಕೆ ಹಾರಿ ಸ್ಮ್ಯಾಶ್ ಹೊಡೆದು ಎಡಗಾಲ ಮೇಲೆ ಇಳಿದೆ. ಮಂಡಿಯೊಳಗೆ ಟಪ್ ಅಂತ ಒಂದು ಸದ್ದು. ಎದುರಾಳಿ ನೆಟ್‌ನ ಆಚೆ ಇದ್ದ, ನನ್ನನ್ನು ಯಾರೂ ಮುಟ್ಟಿರಲಿಲ್ಲ. ಎಸಿಎಲ್, ಅಂದರೆ ಮಂಡಿಯೊಳಗೆ ತೊಡೆಮೂಳೆಯನ್ನೂ ಕೆಳಗಿನ ಕಾಲುಮೂಳೆಯನ್ನೂ ಹಿಡಿದಿಡುವ ಲಿಗಮೆಂಟ್ (ಗಟ್ಟಿ ಪಟ್ಟಿ), ಹರಿದಿತ್ತು. ಆಪರೇಷನ್ ಆಯಿತು. ಮತ್ತೆ ಪಾಯಿಂಟ್ ಲೆಕ್ಕ ಇಟ್ಟು ಆಡಲು 13 ತಿಂಗಳು ಹಿಡಿಯಿತು. ಅದರಲ್ಲಿ ಕೊನೆಯ 4 ತಿಂಗಳು ಕಾಲಿನದ್ದೇನೂ ತಕರಾರಿರಲಿಲ್ಲ, ತಕರಾರೆಲ್ಲ ತಲೆಯದ್ದು.

ಆಮೇಲೆ ಇದೇ ದಾರಿಯಲ್ಲಿ ಇರುವವರು ಒಬ್ಬೊಬ್ಬರಾಗಿ ಕೇಳತೊಡಗಿದರು. ಎಲ್ಲರದ್ದೂ ಹೆಚ್ಚುಕಡಿಮೆ ಅವೇ ಪ್ರಶ್ನೆ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ವ್ಯಾಯಾಮ ಯಾವುದು, ಎಷ್ಟು ಅನ್ನುವುದನ್ನು ನಿಮ್ಮ ಫಿಸಿಯೋ ಹೇಳಬೇಕು.

ಡಾಕ್ಟರ್ ಆಡಬಹುದು ಅಂದಿದ್ದಾರೆ. ಆದರೂ ಹೆದರಿಕೆ. ನನ್ನಲ್ಲೇ ಏನಾದರೂ ದೋಷ ಇದೆಯಾ?

ಇಲ್ಲ. ನಿಮ್ಮಂಥವರು ತುಂಬಾ ಜನ ಇದ್ದಾರೆ. 2014ರಲ್ಲಿ 69 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ, 7,500ಕ್ಕೂ ಹೆಚ್ಚು ಜನರ ಲೆಕ್ಕ ಹಾಕಿದ್ದರು. ಆಪರೇಷನ್ ನಂತರ ಯಾವುದೋ ಒಂದು ಆಟಕ್ಕೆ ವಾಪಸ್ ಬಂದವರು 81%. ಪೆಟ್ಟಾಗುವ ಮುಂಚಿನ ಮಟ್ಟಕ್ಕೆ ಬಂದವರು 65%. ಸ್ಪರ್ಧೆಗೆ ಮರಳಿದವರು 55% ಮಾತ್ರ.

ಮಂಡಿ ಸರಿಹೋಗದೆ ಹೀಗಾಯಿತು ಅಂತ ಅಂದುಕೊಳ್ಳಬೇಡಿ. 2011ರಲ್ಲಿ ಇಂಥದ್ದೇ ಇನ್ನೊಂದು ಲೆಕ್ಕ ಬಂದಿತ್ತು. ಅದರಲ್ಲಿ ಡಾಕ್ಟರ್ ಪರೀಕ್ಷೆ ಮಾಡಿದಾಗ ಸುಮಾರು 90% ಜನರ ಮಂಡಿ ಮಾಮೂಲಿ ಸ್ಥಿತಿಯಲ್ಲಿ ಅಥವಾ ಅದಕ್ಕೆ ಹತ್ತಿರದಲ್ಲಿ ಇತ್ತು. ಆದರೂ ಅರ್ಧಕ್ಕಿಂತ ಕಡಿಮೆ ಜನ ಸ್ಪರ್ಧೆಗೆ ಬಂದಿದ್ದರು. ಯಾಕೆ ಬರಲಿಲ್ಲ ಅಂತ ಕೇಳಿದಾಗ ಹೆಚ್ಚಾಗಿ ಸಿಕ್ಕ ಉತ್ತರ: ಮತ್ತೆ ಹರಿದೀತು ಅನ್ನುವ ಭಯ.

ಕಾಲಿಗೊಂದು ಕ್ಯಾಲೆಂಡರ್ ಇದೆ. ಇಷ್ಟು ವಾರಕ್ಕೆ ಇಷ್ಟು ಮಡಚಬೇಕು, ಇಷ್ಟು ತಿಂಗಳಿಗೆ ಓಡಬೇಕು ಅಂತ ಚಾರ್ಟ್ ಕೊಡುತ್ತಾರೆ. ಮನಸ್ಸಿಗೆ ಅಂಥ ಚಾರ್ಟ್ ಯಾರೂ ಕೊಡುವುದಿಲ್ಲ. ಎರಡೂ ಒಂದೇ ದಿನ ರೆಡಿಯಾಗಬೇಕು ಅಂತ ನಾವೇ ಸುಮ್ನೆ ನಿರೀಕ್ಷೆ ಮಾಡಿಕೊಂಡಿರುತ್ತೇವೆ.

ನೋವೇ ಇಲ್ಲ. ಮತ್ತೆ ಭಯ ಎಲ್ಲಿಂದ ಬರುತ್ತದೆ?

ಎರಡು ಕಡೆಯಿಂದ.

ಮೊದಲನೆಯದು ನೆನಪು. ಎಸಿಎಲ್ ಹರಿಯುವುದು ಹೆಚ್ಚಾಗಿ ಯಾರೂ ಡಿಕ್ಕಿ ಹೊಡೆಯದೆಯೇ. ಓಡುತ್ತಾ ದಿಕ್ಕು ಬದಲಿಸುವಾಗ, ಹಾರಿ ಇಳಿಯುವಾಗ, ಗಕ್ಕನೆ ನಿಲ್ಲುವಾಗ. ಅಂದರೆ ನೀವು ಸಾವಿರ ಸಲ ಮಾಡಿದ ಚಲನೆ ಸಾವಿರದ ಒಂದನೇ ಸಲ ಕೈಕೊಟ್ಟಿತು. ಇನ್ನೊಬ್ಬರು ಗುದ್ದಿದ್ದರೆ ಅವರನ್ನು ಬೈದುಕೊಂಡು ಸಮಾಧಾನ ಮಾಡಿಕೊಳ್ಳಬಹುದಿತ್ತು. ಇಲ್ಲಿ ಬೈಯಲು ಯಾರೂ ಇಲ್ಲ. ಅನುಮಾನವೆಲ್ಲ ನಿಮ್ಮ ಕಾಲಿನ ಮೇಲೇ.

ಎರಡನೆಯದನ್ನು ಬಹಳ ಜನ ಹೇಳುವುದಿಲ್ಲ, ನನಗೂ ತಡವಾಗಿ ತಿಳಿಯಿತು. ಎಸಿಎಲ್ ಬರೀ ಹಗ್ಗ ಅಲ್ಲ. ಅದರಲ್ಲಿ ನರಗಳ ತುದಿಗಳಿರುತ್ತವೆ. ಮಂಡಿ ಎಷ್ಟು ಬಾಗಿದೆ, ಎತ್ತ ತಿರುಗುತ್ತಿದೆ ಅಂತ ಅವು ಮೆದುಳಿಗೆ ಸುದ್ದಿ ಕಳಿಸುತ್ತಿರುತ್ತವೆ. ಲಿಗಮೆಂಟ್ ಹರಿದಾಗ ಈ ತಂತಿಯೂ ಹರಿಯುತ್ತದೆ. ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ತೆಗೆದು, ಹರಿದದ್ದರ ಜಾಗದಲ್ಲಿ ಕೂರಿಸಿದ ಪಟ್ಟಿ (ಗ್ರಾಫ್ಟ್) ಅದೇ ಸುದ್ದಿಯನ್ನು ಮೊದಲಿನ ಹಾಗೆ ಕಳಿಸುವುದಿಲ್ಲ. ಆಪರೇಷನ್ ಆದವರ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದ್ದಾರೆ. ಕಾಲು ಆಡಿಸುವಾಗ ದೃಷ್ಟಿಗೆ ಸಂಬಂಧಿಸಿದ ಭಾಗ ಜಾಸ್ತಿ ಕೆಲಸ ಮಾಡುತ್ತಿರುತ್ತದೆ. ಕಾಲಿನಿಂದ ಬರಬೇಕಾದ ಸುದ್ದಿ ಸರಿಯಾಗಿ ಬರುತ್ತಿಲ್ಲ, ಹಾಗಾಗಿ ಕಣ್ಣು ಅದರ ಕೆಲಸವನ್ನೂ ಹೊತ್ತುಕೊಂಡಿದೆ. ಇದರ ಜೊತೆಗೆ ತೊಡೆಯ ಮುಂಭಾಗದ ಸ್ನಾಯುವಿಗೆ ನರಮಂಡಲವೇ ಬ್ರೇಕ್ ಹಾಕಿರುತ್ತದೆ. ನೀವು ಎಷ್ಟೇ ಬಿಗಿ ಹಿಡಿದರೂ ಅದು ಪೂರ್ತಿ ಬಿಗಿಯುವುದಿಲ್ಲ.

ಹಾಗಾಗಿ "ಈ ಕಾಲು ನನ್ನದಲ್ಲ ಅನಿಸುತ್ತದೆ" ಅಂತ ಯಾರಾದರೂ ಹೇಳಿದರೆ ಅದನ್ನು ಬರೀ ಕಲ್ಪನೆ ಅಂತ ತಳ್ಳಿಹಾಕಬೇಡಿ. ಅದರಲ್ಲಿ ಒಂದು ಪಾಲು ಮೈ ಹೇಳುತ್ತಿರುವ ನಿಜವೇ.

ಹಾಗಾದರೆ ಭಯ ಒಳ್ಳೆಯದೋ ಕೆಟ್ಟದ್ದೋ?

ನಾನು ಅದನ್ನು ಎರಡಾಗಿ ಒಡೆದು ನೋಡುತ್ತೇನೆ. ವಿಳಾಸ ಇರುವ ಭಯ, ವಿಳಾಸ ಇಲ್ಲದ ಭಯ.

"ಬಲಕ್ಕೆ ಓಡಿ ಗಕ್ಕನೆ ಎಡಕ್ಕೆ ತಿರುಗುವಾಗ ಮಂಡಿ ಒಳಗೆ ವಾಲುತ್ತದೆ ಅನಿಸುತ್ತದೆ." ಇದಕ್ಕೆ ವಿಳಾಸ ಇದೆ. ಇದನ್ನು ಫಿಸಿಯೋಗೆ ಹೇಳಿ, ವಿಡಿಯೋ ಮಾಡಿ ನೋಡಿ, ನಿಜವಾಗಿಯೂ ವಾಲುತ್ತಿದ್ದರೆ ಸರಿಮಾಡಬಹುದು. ಎಷ್ಟೋ ಸಲ ಅದು ನಿಜವೇ ಆಗಿರುತ್ತದೆ. ನನ್ನ ಮಟ್ಟಿಗೆ ಒಂಟಿ ಕಾಲಲ್ಲಿ ಇಳಿಯುವ ಭಯ ಇತ್ತು. ಅಳೆದಾಗ ಎಡತೊಡೆಯ ಬಲ ಬಲತೊಡೆಗಿಂತ ಸಾಕಷ್ಟು ಕಡಿಮೆ ಇತ್ತು. ನನ್ನ ಭಯಕ್ಕೆ ನನಗಿಂತ ಮೊದಲೇ ಅದು ಗೊತ್ತಿತ್ತು!

"ಏನೋ ಆಗಿಬಿಡುತ್ತದೆ." ಇದಕ್ಕೆ ವಿಳಾಸ ಇಲ್ಲ. ಬಲ ಬಂದಿದೆ, ಪರೀಕ್ಷೆ ಪಾಸಾಗಿದೆ, ಆದರೂ ಶೂ ಕಟ್ಟುವಾಗ ಎದೆ ಧಸಕ್ ಅನ್ನುತ್ತದೆ. ಇಂಥ ಭಯಕ್ಕೆ ಮಾಹಿತಿ ಕೊಟ್ಟು ಉಪಯೋಗ ಇಲ್ಲ. ಸ್ವಲ್ಪ ಸ್ವಲ್ಪವಾಗಿ ಮಾಡಿ ತೋರಿಸಿದರೆ ಮಾತ್ರ ಅದು ತಣ್ಣಗಾಗುತ್ತದೆ.

ಭಯವನ್ನು ಹಾಗೇ ಒಳಗಿಟ್ಟುಕೊಂಡು ಆಡುವುದಂತೂ ಅಪಾಯ. ಹೆದರಿದವರು ಹಾರಿ ಇಳಿಯುವಾಗ ಮಂಡಿ ಸರಿಯಾಗಿ ಬಾಗಿಸದೆ ಬಿಗಿಯಾಗಿ ಇಳಿಯುತ್ತಾರೆ ಅಂತ ಅಳೆದು ನೋಡಿದ್ದಾರೆ. ಬಿಗಿಯಾಗಿ ಇಳಿದರೆ ಎಸಿಎಲ್ ಮೇಲೆ ಹೊರೆ ಜಾಸ್ತಿ. 2018ರಲ್ಲಿ 40 ಜನರ ಮೇಲೆ ಮಾಡಿದ ಒಂದು ಸಣ್ಣ ಅಧ್ಯಯನದಲ್ಲಿ, ಹೆಚ್ಚು ಭಯ ಇಟ್ಟುಕೊಂಡು ಆಟಕ್ಕೆ ಮರಳಿದವರಿಗೇ ಮುಂದಿನ 2 ವರ್ಷದಲ್ಲಿ ಮತ್ತೆ ಹರಿದದ್ದು ಜಾಸ್ತಿ. ಸಣ್ಣ ಅಧ್ಯಯನ, ಅದೇ ಕೊನೆಯ ಮಾತು ಅಂತ ಹಿಡಿಯಬೇಡಿ. ಆದರೆ "ಹೆದರಿಕೊಂಡೇ ಆಡು, ತಾನಾಗಿ ಹೋಗುತ್ತದೆ" ಅನ್ನುವ ಸಲಹೆ ಕೊಡುವವರಿಗೆ ಇದನ್ನು ಹೇಳಬಹುದು.

ನನಗೆ ಭಯವೇ ಇಲ್ಲ. 6 ತಿಂಗಳಿಗೇ ಇಳಿಯಲಾ?

ಬೇಡ.

ಹುಂಬ ಧೈರ್ಯ ಬೇರೆ, ನಂಬಿಕೆ ಬೇರೆ. ಕೂರಿಸಿದ ಗ್ರಾಫ್ಟ್ ಮೊದಲ ಕೆಲವು ತಿಂಗಳಲ್ಲಿ ಗಟ್ಟಿಯಾಗುವ ಬದಲು ಇನ್ನಷ್ಟು ಮೆತ್ತಗಾಗುತ್ತದೆ, ಆಮೇಲೆ ನಿಧಾನವಾಗಿ ಲಿಗಮೆಂಟ್ ರೂಪ ಪಡೆಯುತ್ತದೆ. ಅದಕ್ಕೆ ಒಂದು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ನೋವು ಮಾತ್ರ ಅದಕ್ಕಿಂತ ಎಷ್ಟೋ ಮೊದಲೇ ಹೋಗಿರುತ್ತದೆ. ಮೋಸ ಆಗುವುದು ಇಲ್ಲೇ.

2016ರಲ್ಲಿ ನಾರ್ವೆ ಮತ್ತು ಅಮೆರಿಕದ ಸಂಶೋಧಕರು ಕೊಟ್ಟ ಲೆಕ್ಕ ಇದು: 9 ತಿಂಗಳವರೆಗೆ ಒಂದೊಂದು ತಿಂಗಳು ತಡಮಾಡಿದಾಗಲೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯುತ್ತಿತ್ತು. ಒಂದು ತಿಂಗಳು ಕಾಯುವುದಕ್ಕೆ ಇಷ್ಟು ಲಾಭ ಇನ್ನೆಲ್ಲಿ ಸಿಗುತ್ತದೆ ಹೇಳಿ. ವಯಸ್ಸು 25ರ ಒಳಗಿದ್ದರೆ ಇನ್ನೂ ಹುಷಾರು. ಆಟಕ್ಕೆ ಮರಳಿದ ಆ ವಯಸ್ಸಿನವರಲ್ಲಿ ಸುಮಾರು 23% ಜನರಿಗೆ, ಅದೇ ಕಾಲಲ್ಲೋ ಇನ್ನೊಂದರಲ್ಲೋ, ಮತ್ತೆ ಎಸಿಎಲ್ ಹರಿದಿದೆ.

ಮನಸ್ಸು ರೆಡಿಯಾಗಿದೆಯಾ ಅಂತ ಅಳೆಯಲು ಆಗುತ್ತದಾ?

ಆಗುತ್ತದೆ. ಎಸಿಎಲ್-ಆರ್‌ಎಸ್‌ಐ ಅಂತ ಒಂದು ಪ್ರಶ್ನಾವಳಿ ಇದೆ. 2008ರಲ್ಲಿ ಆಸ್ಟ್ರೇಲಿಯಾದಲ್ಲಿ ರೂಪಿಸಿದ್ದು. 12 ಪ್ರಶ್ನೆ, 0ರಿಂದ 100ರವರೆಗೆ ಅಂಕ. ಭಾವನೆ, ನಂಬಿಕೆ, ಅಪಾಯದ ಲೆಕ್ಕಾಚಾರ ಅಂತ ಮೂರು ವಿಷಯ ಕೆದಕುತ್ತದೆ. ಮಂಡಿಯ ಯೋಚನೆ ಇಲ್ಲದೆ ಆಡಬಲ್ಲಿರಾ, ಆಡಿದರೆ ಮತ್ತೆ ಪೆಟ್ಟಾದೀತು ಅಂತ ಹೆದರುತ್ತೀರಾ, ಮತ್ತೊಮ್ಮೆ ಆಪರೇಷನ್ ಮತ್ತು ರಿಹ್ಯಾಬ್ (ಚೇತರಿಕೆಯ ವ್ಯಾಯಾಮ) ಎದುರಿಸಬೇಕಾದೀತು ಅನ್ನುವ ಯೋಚನೆ ನಿಮ್ಮನ್ನು ತಡೆಯುತ್ತದಾ, ಹೀಗೆ. ಚಲನೆಯ ಭಯವನ್ನು ಅಳೆಯಲು ಟ್ಯಾಂಪಾ ಅನ್ನುವ ಇನ್ನೊಂದು ಮಾಪಕವೂ ಇದೆ. ಮೊದಲು ಬಂದದ್ದು 17 ಪ್ರಶ್ನೆಗಳದ್ದು, ಆಮೇಲೆ 11ರ ಚಿಕ್ಕದು ಬಂತು.

ಒಂದು ಸಲ ಬಂದ ಅಂಕ ಹಿಡಿದುಕೊಂಡು ಕೂರಬೇಡಿ. ತಿಂಗಳಿಗೊಮ್ಮೆ ತುಂಬಿಸಿ, ಏರುತ್ತಿದೆಯಾ ನೋಡಿ. ತೊಡೆಯ ಬಲ ಏರುತ್ತಿದ್ದು ಈ ಅಂಕ ಮಾತ್ರ ಅಲ್ಲೇ ನಿಂತಿದ್ದರೆ ಫಿಸಿಯೋ ಜೊತೆ ಮಾತಾಡುವ ವಿಷಯ ಸಿಕ್ಕಿತು ಅಂತ ಅರ್ಥ. ನನ್ನ ಅಂಕ ಮೂರು ತಿಂಗಳು ಅಲ್ಲಾಡಿರಲಿಲ್ಲ. ಯಾವ ಪ್ರಶ್ನೆಯಲ್ಲಿ ಕಡಿಮೆ ಬರುತ್ತಿದೆ ಅಂತ ನೋಡಿದಾಗ, ಆಟದ ಭಯಕ್ಕಿಂತ ಮತ್ತೆ ಊರುಗೋಲು ಹಿಡಿದು ಇನ್ನೊಬ್ಬರ ಮೇಲೆ ಬೀಳಬೇಕಾದೀತು ಅನ್ನುವ ಭಯವೇ ದೊಡ್ಡದಿತ್ತು.

ದೇಹದ ಪರೀಕ್ಷೆಗಳನ್ನು ಬಿಡಬೇಡಿ. ತೊಡೆಯ ಬಲ, ಒಂಟಿ ಕಾಲಿನ ಕುಪ್ಪಳಿಕೆ ಎರಡರಲ್ಲೂ ಇನ್ನೊಂದು ಕಾಲಿನ 90% ಆದರೂ ಬರಬೇಕು ಅನ್ನುವುದು ಸಾಮಾನ್ಯ ಗುರಿ. ಆದರೆ ಇಷ್ಟು ತಿಂಗಳು ಕೂತಿದ್ದರಿಂದ ಆ "ಒಳ್ಳೆಯ" ಕಾಲೂ ಸೊರಗಿರುತ್ತದೆ ಅನ್ನುವುದು ನೆನಪಿರಲಿ.

ಮೊದಲ ಕೆಲವು ವಾರ ಸುಮ್ಮಸುಮ್ಮನೆ ಅಳು ಬರುತ್ತದೆ. ಇದೂ ಮಾಮೂಲಾ?

ಮಾಮೂಲು. ನಿದ್ದೆ ಸರಿಯಿಲ್ಲ, ಸ್ನಾನಕ್ಕೂ ಇನ್ನೊಬ್ಬರ ಸಹಾಯ ಬೇಕು, ತೊಡೆ ಕಣ್ಣೆದುರೇ ಕಡ್ಡಿಯಾಗುತ್ತಿದೆ. ಜೊತೆಗೆ ಸಂಜೆ 6 ಗಂಟೆಗೆ ನೀವು ಇರಬೇಕಾದ ಜಾಗದಲ್ಲಿ ನೀವಿಲ್ಲ. ಆಡುವವರಿಗೆ ಆಟ ಅಂದರೆ ಬರೀ ವ್ಯಾಯಾಮ ಅಲ್ಲ ಅಲ್ವಾ, ಗೆಳೆಯರು, ತಮಾಷೆ, ಹೆಸರು ಎಲ್ಲ ಅದರಲ್ಲೇ ಇರುತ್ತದೆ. ಅದೆಲ್ಲ ಒಂದೇ ದಿನದಲ್ಲಿ ನಿಂತುಹೋಗುತ್ತದೆ.

ದುಃಖಕ್ಕೆ ಐದು ಹಂತ, ಒಂದಾದ ಮೇಲೆ ಒಂದು ಬರುತ್ತದೆ ಅಂತೆಲ್ಲ ಹೇಳುವವರಿದ್ದಾರೆ. ನಂಬಿ ಕಾಯಬೇಡಿ. ಮಂಡಿ ಪೆಟ್ಟಾದವರ ಮನಸ್ಸು ಹಾಗೆ ಸಾಲಾಗಿ ನಡೆಯುವುದಿಲ್ಲ. ಸೋಮವಾರ ಹುಮ್ಮಸ್ಸು, ಮಂಗಳವಾರ ಊತ, ಬುಧವಾರ ಯಾರ ಮುಖವೂ ಬೇಡ.

ಆದರೆ ಎರಡು ವಾರ ದಾಟಿದರೂ ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ನಿದ್ದೆ ಕೆಟ್ಟಿದೆ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಅದು ಮಂಡಿಯ ವಿಷಯವಲ್ಲ. ತಡಮಾಡದೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ಬದುಕೇ ಬೇಡ ಅನಿಸಿದರೆ ಎರಡು ವಾರವೂ ಕಾಯಬೇಡಿ, ಅವತ್ತೇ ಹೋಗಿ.

4-5 ತಿಂಗಳಾಯಿತು. ಏನೂ ಮುಂದೆ ಹೋಗುತ್ತಿಲ್ಲ ಅನಿಸುತ್ತದೆ.

ಇದು ಅತಿ ಬೇಜಾರಿನ ಕಾಲ. ಶುರುವಿನಲ್ಲಿ ಪ್ರತಿ ವಾರ ಏನಾದರೊಂದು ಹೊಸದು ಇರುತ್ತದೆ. ಮಂಡಿ 90 ಡಿಗ್ರಿ ಮಡಚಿತು, ಊರುಗೋಲು ಹೋಯಿತು, ಮೆಟ್ಟಿಲು ಹತ್ತಿದೆ. ಆಮೇಲೆ ಅದೇ ಸ್ಕ್ವಾಟ್, ಅದೇ ಲೆಗ್ ಪ್ರೆಸ್. ನೋಡುವವರಿಗೆ ನೀವು ಪೂರ್ತಿ ಸರಿಹೋಗಿದ್ದೀರಿ, ಹಾಗಾಗಿ ವಿಚಾರಿಸುವವರೂ ಇಲ್ಲ. ಜನ ರಿಹ್ಯಾಬ್ ಬಿಡುವುದು ಹೆಚ್ಚಾಗಿ ಇಲ್ಲೇ ಅಂತ ನನ್ನ ಅನಿಸಿಕೆ.

ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಎಷ್ಟು ಕಿಲೋ, ಎಷ್ಟು ಸಲ, ಊತ ಎಷ್ಟು. ದಿನಾ ನೋಡಿದರೆ ಏನೂ ಕಾಣುವುದಿಲ್ಲ. ಆರು ವಾರ ಹಿಂದಿನ ಪುಟ ತೆಗೆದರೆ ಕಾಣುತ್ತದೆ. ಇನ್ನೊಂದು, ರ‍್ಯಾಕೆಟ್ ಬೇಗ ಕೈಗೆ ತಗೊಳ್ಳಿ. ಕುರ್ಚಿಯಲ್ಲಿ ಕೂತು ಸರ್ವ್ ಮಾಡಿದರೂ ಸರಿ. ಫುಟ್‌ಬಾಲ್ ಆಡುವವರು ನಿಂತಲ್ಲೇ ಪಾಸ್ ಮಾಡಲಿ, ಬಾಸ್ಕೆಟ್‌ಬಾಲ್ ಆಡುವವರು ಹಾರದೆ ಬುಟ್ಟಿಗೆ ಹಾಕಲಿ. ಫಿಸಿಯೋ ಒಪ್ಪಿದ್ದಷ್ಟು ಮಾತ್ರ.

ಸರಿ, ಮಂಡಿಯ ಮೇಲೆ ನಂಬಿಕೆ ವಾಪಸ್ ಬರಲು ಏನು ಮಾಡಬೇಕು?

ಎಲ್ಲರೂ ಕೇಳುವುದು ಇದನ್ನೇ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ನಂಬಿಕೆ ಬಂದ ಮೇಲೆ ಆಡುತ್ತೇನೆ ಅಂತ ಕಾದರೆ ಅದು ಬರುವುದಿಲ್ಲ. ನಂಬಿಕೆಗೆ ಸಾಕ್ಷಿ ಬೇಕು. ಆ ಸಾಕ್ಷಿಯನ್ನು ನೀವೇ ಒಂದೊಂದಾಗಿ ಕೂಡಿಹಾಕಬೇಕು.

ಮೊದಲು ಭಯದ ಪಟ್ಟಿ ಬರೆಯಿರಿ. "ಆಟ" ಅಂತ ಒಂದೇ ಪದ ಬರೆಯಬೇಡಿ, ಚಲನೆಗಳಾಗಿ ಒಡೆಯಿರಿ. ಪ್ರತಿಯೊಂದಕ್ಕೂ 10ರಲ್ಲಿ ಎಷ್ಟು ಭಯ ಅಂತ ಅಂಕ ಹಾಕಿ. ನನ್ನ ಪಟ್ಟಿಯಲ್ಲಿ ಮುಂದಕ್ಕೆ ಲಂಜ್ (ಒಂದು ಕಾಲು ಚಾಚಿ ಮಂಡಿ ಬಗ್ಗಿಸುವುದು) 2, ಪಕ್ಕಕ್ಕೆ ಹೆಜ್ಜೆ 3, ಎರಡು ಕಾಲಲ್ಲಿ ಹಾರಿ ಇಳಿಯುವುದು 4, ಹಿಂದಕ್ಕೆ ಓಡುವುದು 6, ಹಿಂದಕ್ಕೆ ಹಾರಿ ಎಡಗಾಲಲ್ಲಿ ಇಳಿಯುವುದು 10. 3 ಅಥವಾ 4 ಇರುವಲ್ಲಿಂದ ಶುರು ಮಾಡಿದೆ. ಅದು 1ಕ್ಕೆ ಇಳಿಯುವವರೆಗೆ ಅದೇ. ಬೋರ್ ಹೊಡೆಯಬೇಕು. ಬೋರ್ ಬಂತು ಅಂದರೆ ಭಯ ಹೋಯಿತು ಅಂತಲೇ ಲೆಕ್ಕ. ಆಮೇಲೆ ಮುಂದಿನ ಮೆಟ್ಟಿಲು.

ಆ 10 ಅಂಕದ ಚಲನೆಯನ್ನು ತಪ್ಪಿಸಿಕೊಂಡು ಆಟಕ್ಕೆ ಇಳಿಯಬೇಡಿ. ಇದು ಬಹಳ ಮುಖ್ಯ. ಮಿಕ್ಕಿದ್ದೆಲ್ಲ ಆಡುತ್ತೇನೆ, ಅದೊಂದು ಮಾಡಲ್ಲ ಅಂತ ಮೈ ಒಳಒಪ್ಪಂದ ಮಾಡಿಕೊಳ್ಳುತ್ತದೆ. ಮ್ಯಾಚ್‌ನ ಬಿಸಿಯಲ್ಲಿ ಆ ಶಟಲ್ ಅಲ್ಲಿಗೇ ಬರುತ್ತದೆ. ತಯಾರಿ ಇಲ್ಲದ ಕಾಲು ಹಾರುತ್ತದೆ.

ಎರಡನೆಯದು, ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗಿ. ಎಲ್ಲಿ ತಿರುಗಬೇಕು ಅಂತ ಮೊದಲೇ ತಿಳಿದಿದ್ದರೆ ಕೋನ್ ಸುತ್ತ ಓಡುವುದು ಸುಲಭ. ಆಟದಲ್ಲಿ ಹಾಗಿರುವುದಿಲ್ಲ. ಹಾಗಾಗಿ ಗೆಳೆಯರೊಬ್ಬರು ಕೊನೆ ಗಳಿಗೆಯಲ್ಲಿ ಕೈ ತೋರಿಸಿದ ಕಡೆ ತಿರುಗುವುದು, ಚೆಂಡು ಹಿಡಿಯುತ್ತಾ ಇಳಿಯುವುದು, ಎದುರಾಳಿ ಇದ್ದಾಗ ತಪ್ಪಿಸಿಕೊಳ್ಳುವುದು. ಹೀಗೆ ಕಣ್ಣಿಗೆ ಬೇರೆ ಕೆಲಸ ಕೊಟ್ಟಾಗ ಅದು ಮಂಡಿಯನ್ನು ಕಾಯುವುದು ಬಿಡುತ್ತದೆ.

ಮೂರನೆಯದು ಗಮನ ಎಲ್ಲಿಡಬೇಕು ಅನ್ನುವುದು. "ಮಂಡಿ ಬಾಗಿಸು, ಒಳಗೆ ವಾಲಿಸಬೇಡ" ಅಂತ ಮನಸ್ಸಲ್ಲೇ ಜಪ ಮಾಡಿದರೆ ಚಲನೆ ಗಟ್ಟಿಯಾಗುತ್ತದೆ, ಕಡ್ಡಿ ಕಡ್ಡಿಯಾಗುತ್ತದೆ. ಅದರ ಬದಲು "ಸದ್ದಾಗದ ಹಾಗೆ ಇಳಿ" ಅಂದುಕೊಳ್ಳಿ. ಮಂಡಿ ತಾನೇ ಬಾಗುತ್ತದೆ. ಗಮನ ಮೈಯ ಹೊರಗೆ ಇದ್ದಷ್ಟೂ ಚಲನೆ ಸಲೀಸು ಅನ್ನುವುದನ್ನು ಚಲನೆ ಕಲಿಯುವ ಬಗ್ಗೆ ನಡೆದ ಎಷ್ಟೋ ಪ್ರಯೋಗಗಳು ತೋರಿಸಿವೆ. ನಾನು ಬೆಕ್ಕು ಇಳಿದ ಹಾಗೆ ಇಳಿಯಬೇಕು ಅಂದುಕೊಳ್ಳುತ್ತಿದ್ದೆ. ಸುಮಾರು ಮೂರು ವಾರ ತೆಂಗಿನಕಾಯಿ ಬಿದ್ದ ಹಾಗೇ ಸದ್ದು ಬರುತ್ತಿತ್ತು, ಅದು ಬೇರೆ ಮಾತು.

ನಾಲ್ಕನೆಯದು ಕಣ್ಣು ಮುಚ್ಚಿ ಆಡುವುದು, ಅಂದರೆ ಮನಸ್ಸಲ್ಲೇ ಚಿತ್ರ ಕಟ್ಟಿಕೊಳ್ಳುವುದು. ಇದು ಬರೀ ಮಾತು ಅಂತ ನಾನೂ ಅಂದುಕೊಂಡಿದ್ದೆ. ಆದರೆ 2001ರಲ್ಲಿ ಎಸಿಎಲ್ ಆಪರೇಷನ್ ಆದ 30 ಜನರ ಮೇಲೆ ಇದನ್ನು ಪ್ರಯೋಗ ಮಾಡಿದ್ದರು. ಮಾಮೂಲಿ ಫಿಸಿಯೋ ಜೊತೆ ಮೈ ಸಡಿಲಿಸುವುದು ಮತ್ತು ಮನಸ್ಸಲ್ಲಿ ಚಿತ್ರ ಕಟ್ಟುವುದನ್ನು ಕಲಿತವರಿಗೆ 24 ವಾರದ ಹೊತ್ತಿಗೆ ಮಂಡಿಯ ಬಲ ಜಾಸ್ತಿ, ನೋವು ಮತ್ತು ಮತ್ತೆ ಪೆಟ್ಟಾಗುವ ಆತಂಕ ಕಡಿಮೆ ಇತ್ತು. ದಿನಕ್ಕೆ 5-10 ನಿಮಿಷ ಸಾಕು. ಕಪ್ ಗೆದ್ದ ಚಿತ್ರ ಬೇಡ. ನೆಲ ಒತ್ತುವುದು, ಹಾರುವುದು, ಇಳಿದ ಮೇಲೆ ಮುಂದಿನ ಹೆಜ್ಜೆ ಇಡುವುದು, ಶೂ ಸದ್ದು, ಇಷ್ಟನ್ನು ನಿಜವಾದ ವೇಗದಲ್ಲಿ.

ಪೆಟ್ಟಾದ ಕ್ಷಣ ಕಣ್ಣೆದುರು ಬರುತ್ತಲೇ ಇರುತ್ತದೆ. ಅದರ ವಿಡಿಯೋ ಇದೆ, ನೋಡಲಾ?

ಒಬ್ಬರೇ ರಾತ್ರಿ ಕೂತು ನೂರು ಸಲ ನೋಡುವುದಾದರೆ ಬೇಡ. ಹೇಗೆ ಇಳಿದಿರಿ, ಯಾಕೆ ಹರಿಯಿತು ಅಂತ ಫಿಸಿಯೋ ಜೊತೆ ಕೂತು ಒಂದೆರಡು ಸಲ ನೋಡುವುದಾದರೆ ಉಪಯೋಗ ಇದೆ. ಕೆಲವರಿಗೆ ಅದರಿಂದ ಸಮಾಧಾನವೂ ಆಗುತ್ತದೆ. ನಿದ್ದೆಯಲ್ಲಿ ಬೆಚ್ಚಿ ಏಳುವುದು, ಆ ಮೈದಾನದ ಹತ್ತಿರ ಹೋದರೇ ಬೆವರುವುದು ತಿಂಗಳಾದರೂ ನಿಂತಿಲ್ಲ ಅಂದರೆ ಮನಶ್ಶಾಸ್ತ್ರಜ್ಞರನ್ನು ನೋಡಿ.

ಮೊದಲ ಮ್ಯಾಚ್‌ಗೆ ಹೇಗೆ ಇಳಿಯಬೇಕು?

ಅದನ್ನು ಮ್ಯಾಚ್ ಅಂತ ಕರೆಯದೆ ಇಳಿಯಬೇಕು. 2016ರಲ್ಲಿ ಕ್ರೀಡಾ ಫಿಸಿಯೋಗಳ ಒಂದು ಒಮ್ಮತದ ಹೇಳಿಕೆ ಬಂತು. ಅದರಲ್ಲಿ ವಾಪಸ್ ಬರುವುದಕ್ಕೆ ಮೂರು ಹಂತ. ಅಭ್ಯಾಸದಲ್ಲಿ ಸೇರಿಕೊಳ್ಳುವುದು, ಆಟಕ್ಕೆ ಮರಳುವುದು, ಮೊದಲಿನ ಮಟ್ಟದಲ್ಲಿ ಆಡುವುದು. ಮೊದಲ ದಿನವೇ ಮೂರನೆಯದನ್ನು ಅಳೆಯಲು ಹೋಗಿ ನಾವು ನಿರಾಶರಾಗುತ್ತೇವೆ.

ನಾನು ಮೊದಲ ದಿನ 11 ಪಾಯಿಂಟ್ ಆಡಿದೆ, ಡಬಲ್ಸ್, ನನ್ನ ಕಥೆ ಗೊತ್ತಿದ್ದ ಮೂವರ ಜೊತೆ. ಸೋತೆವು. ಮಾರನೆ ದಿನ ಮಂಡಿ ಊದಿರಲಿಲ್ಲ. ನೋಟ್‌ಬುಕ್‌ನಲ್ಲಿ ಬರೆದದ್ದು ಅದೊಂದೇ.

ಕೋಚ್, ತಂಡದವರು, ಮನೆಯವರು ಏನು ಮಾಡಬೇಕು?

"ಯಾವಾಗ ಬರ್ತೀಯ?" ಅಂತ ಕೇಳುವುದನ್ನು ನಿಲ್ಲಿಸಬೇಕು.

ಬಾಸ್ಕೆಟ್‌ಬಾಲ್‌ನ ಡೆರಿಕ್ ರೋಸ್ ಕಥೆ ನೋಡಿ. 2012ರ ಏಪ್ರಿಲ್‌ನಲ್ಲಿ ಅವರ ಎಡ ಮಂಡಿಯ ಎಸಿಎಲ್ ಹರಿಯಿತು. ಮುಂದಿನ ವರ್ಷ ಡಾಕ್ಟರ್‌ಗಳು ಆಡಬಹುದು ಅಂದ ಮೇಲೂ ಅವರು ಆ ಸೀಸನ್ ಪೂರ್ತಿ ಹೊರಗೇ ಉಳಿದರು. ಅಭಿಮಾನಿಗಳು, ಪತ್ರಿಕೆಯವರು ಬಾಯಿಗೆ ಬಂದ ಹಾಗೆ ಅಂದರು. ಹೆದರಿಕೆಯೂ ಗಾಯದ ಭಾಗವೇ ಅಂತ ಒಪ್ಪಲು ಯಾರೂ ತಯಾರಿರಲಿಲ್ಲ. 2013ರ ಕೊನೆಯಲ್ಲಿ ವಾಪಸ್ ಬಂದು ಕೆಲವೇ ಪಂದ್ಯ ಆಡಿದ ಮೇಲೆ ಬಲ ಮಂಡಿಯ ಮೆನಿಸ್ಕಸ್ (ಮೂಳೆಗಳ ನಡುವಿನ ಮೆತ್ತೆ) ಹರಿಯಿತು. ಕಾದದ್ದು ಸರಿಯೋ ತಪ್ಪೋ ಅಂತ ಇದರಿಂದ ತೀರ್ಮಾನ ಆಗುವುದಿಲ್ಲ. ಆದರೆ ಆ ನಿರ್ಧಾರ ಗ್ಯಾಲರಿಯಲ್ಲಿ ಕೂತವರದ್ದಲ್ಲ. ಅಂದ ಹಾಗೆ 2018ರಲ್ಲಿ ಅವರು ಒಂದೇ ಪಂದ್ಯದಲ್ಲಿ 50 ಪಾಯಿಂಟ್ ಹೊಡೆದರು.

ಮನೆಯವರಿಗೆ ಒಂದು ಮಾತು. "ಹುಷಾರು, ಹುಷಾರು" ಅಂತ ದಿನಕ್ಕೆ ಹತ್ತು ಸಲ ಹೇಳುವುದು ಪ್ರೀತಿಯಿಂದಲೇ. ಆದರೆ ಕೇಳುವವರ ಕಿವಿಗೆ ಅದು "ನಿನ್ನ ಕಾಲು ಮುರಿಯುತ್ತದೆ" ಅಂತ ಬೀಳುತ್ತದೆ. ಅದರ ಬದಲು ಇವತ್ತು ಏನು ಮಾಡಿದೆ ಅಂತ ಕೇಳಿ. ಕೋಚ್‌ಗಳು ಸ್ಕೋರ್ ಬರೆಯಲೋ ಚಿಕ್ಕವರಿಗೆ ಹೇಳಿಕೊಡಲೋ ಕರೆಯಲಿ. ತಂಡದ ವಾಟ್ಸಾಪ್ ಗುಂಪಿನಿಂದ ತೆಗೆದುಹಾಕಬೇಡಿ. ನಗಬೇಡಿ, ನನ್ನನ್ನು ತೆಗೆದಿದ್ದರು.

ಇನ್ನೊಂದು ಕಾಲು ಹರಿದರೆ ಅನ್ನುವ ಭಯ?

ಇದು ಸುಳ್ಳು ಭಯ ಅಲ್ಲ. ಎರಡನೇ ಸಲ ಹರಿಯುವವರಲ್ಲಿ ದೊಡ್ಡ ಪಾಲು ಇನ್ನೊಂದು ಕಾಲಿನವರದ್ದೇ. ಹಾಗಾಗಿ ಎರಡೂ ಕಾಲಿಗೆ ವ್ಯಾಯಾಮ ಮಾಡಿ. ಆಟಕ್ಕೆ ಮರಳಿದ ಮೇಲೂ ಬಿಡಬೇಡಿ.

ಎರಡನೇ ಸಲ ಹರಿದಿದೆ. ಮನಸ್ಸು ಪೂರ್ತಿ ಕುಸಿದಿದೆ.

ಇದಕ್ಕೆ ನನ್ನ ಅನುಭವ ಇಲ್ಲ, ಹಾಗಾಗಿ ಉಪದೇಶವೂ ಇಲ್ಲ. ಒಬ್ಬರ ಕಥೆ ಹೇಳಬಲ್ಲೆ. ಕುಸ್ತಿಪಟು ವಿನೇಶ್ ಫೋಗಟ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಚೀನಾದ ಸುನ್ ಯಾನನ್ ವಿರುದ್ಧ ಆಡುತ್ತಿದ್ದಾಗ ಮಂಡಿ ಕಿತ್ತು ಸ್ಟ್ರೆಚರ್ ಮೇಲೆ ಹೊರಗೆ ಹೋದರು. ಎರಡು ವರ್ಷದ ನಂತರ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಮೊದಲ ಸುತ್ತಿಗೇ ಅದೇ ಎದುರಾಳಿ ಸಿಕ್ಕರು. ಗೆದ್ದರು, ಚಿನ್ನವೂ ಬಂತು. 2023ರಲ್ಲಿ ಮತ್ತೆ ಎಸಿಎಲ್ ಆಪರೇಷನ್, ಈ ಸಲ ಎಡ ಮಂಡಿ. ಮುಂದಿನ ವರ್ಷವೇ ಪ್ಯಾರಿಸ್ ಒಲಿಂಪಿಕ್ಸ್‌ನ ಫೈನಲ್ ತಲುಪಿದ್ದರು.

ಅವರಿಗೆ ಸಾಧ್ಯವಾದದ್ದು ಎಲ್ಲರಿಗೂ ಆಗುತ್ತದೆ ಅಂತ ಹೇಳುತ್ತಿಲ್ಲ. ಕುಸಿದದ್ದು ಕೊನೆ ಅಂತಲೂ ಈಗಲೇ ಬರೆದುಕೊಳ್ಳಬೇಡಿ. ಎರಡನೇ ಸಲ ಒಂದು ಅನುಕೂಲ ಇದೆ ಅಂತ ಅನುಭವ ಇದ್ದವರು ಹೇಳುತ್ತಾರೆ. ಯಾವ ತಿಂಗಳು ಯಾವ ಬೇಜಾರು ಬರುತ್ತದೆ ಅಂತ ಗೊತ್ತಿರುತ್ತದಂತೆ.

ಆಡುವುದನ್ನೇ ಬಿಟ್ಟರೆ ತಪ್ಪಾ?

ಖಂಡಿತ ಅಲ್ಲ. ಲೆಕ್ಕ ಹಾಕಿ ಬಿಡುವುದು ಬೇರೆ, ಹೆದರಿ ದೂರ ಉಳಿಯುವುದು ಬೇರೆ. ಕೆಲಸ, ಮಕ್ಕಳು, ವಯಸ್ಸು ಎಲ್ಲ ನೋಡಿ "ಇನ್ನು ಈಜುತ್ತೇನೆ, ಸೈಕಲ್ ಹೊಡೆಯುತ್ತೇನೆ" ಅಂತ ತೀರ್ಮಾನ ಮಾಡಿದವರು ನೆಮ್ಮದಿಯಿಂದ ಇದ್ದಾರೆ. ದಿಕ್ಕು ಬದಲಿಸುವ ಆಟ ಬೇಡ ಅನ್ನುವವರಲ್ಲಿ ಕೆಲವರಿಗೆ ಆಪರೇಷನ್ ಕೂಡ ಬೇಕಾಗುವುದಿಲ್ಲ. ಸ್ವೀಡನ್‌ನಲ್ಲಿ 121 ಯುವಜನರ ಮೇಲೆ ಪ್ರಯೋಗ ಮಾಡಿ 2010ರಲ್ಲಿ ಫಲಿತಾಂಶ ಕೊಟ್ಟಿದ್ದರು. ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಆಪರೇಷನ್ ಅಂದ ಗುಂಪು 2 ವರ್ಷದ ನಂತರ ಬೇಗ ಆಪರೇಷನ್ ಮಾಡಿಸಿಕೊಂಡವರಷ್ಟೇ ಚೆನ್ನಾಗಿತ್ತು. 5 ವರ್ಷವಾದರೂ ಆ ಗುಂಪಿನ ಸುಮಾರು ಅರ್ಧ ಜನ ಆಪರೇಷನ್ ಮಾಡಿಸಿಕೊಂಡಿರಲಿಲ್ಲ.

ಬ್ರೇಸ್ (ಮಂಡಿಗೆ ಆಸರೆಯ ಪಟ್ಟಿ) ಹಾಕಿಕೊಂಡರೆ ಧೈರ್ಯ ಬರುತ್ತದಾ?

ಕೆಲವರಿಗೆ ಬರುತ್ತದೆ. ಅದರಿಂದ ಮತ್ತೆ ಹರಿಯುವುದು ತಪ್ಪುತ್ತದೆ ಅನ್ನುವುದಕ್ಕೆ ಮಾತ್ರ ಗಟ್ಟಿ ಆಧಾರ ಇಲ್ಲ. ಶುರುವಿಗೆ ಹಾಕಿಕೊಂಡು ಅಭ್ಯಾಸದಲ್ಲಿ ನಿಧಾನವಾಗಿ ಬಿಡಿ. ಮನೆಯಲ್ಲಿ ಮರೆತು ಬಂದ ದಿನ ಆಡಲು ಆಗದೆ ವಾಪಸ್ ಹೋಗುವಷ್ಟು ಅಂಟಿಕೊಂಡಿದ್ದರೆ ಬಿಡುವ ಕಾಲ ಬಂದಿದೆ.

ಈ ಅಳುಕು ಪೂರ್ತಿ ಹೋಗುತ್ತದಾ?

ಬಹಳ ಜನರಿಗೆ ಆಟದ ಮಟ್ಟಿಗೆ ಹೋಗುತ್ತದೆ. ವಾಪಸ್ ಆಡಲು ಶುರುಮಾಡಿ ಕೆಲವು ತಿಂಗಳು ಕಳೆದ ಮೇಲೆ, ಒಂದೇ ದಿನದಲ್ಲಿ ಅಲ್ಲ. ಒಂದೆರಡು ಮೂಲೆಯಲ್ಲಿ ಉಳಿದುಕೊಂಡಿರುತ್ತದೆ, ಅದೂ ನೀವು ಎಣಿಸದ ಕಡೆ. ನಾನು ಈಗ ಹಿಂದಕ್ಕೆ ಹಾರಿ ಎಡಗಾಲ ಮೇಲೇ ಇಳಿಯುತ್ತೇನೆ. ಬಚ್ಚಲಿನ ಒದ್ದೆ ನೆಲದಲ್ಲಿ ಮಾತ್ರ ಇವತ್ತಿಗೂ ಗೋಡೆ ಹಿಡಿದುಕೊಂಡೇ ನಡೆಯುತ್ತೇನೆ.